ದುಡಿದೆವು, ದುಡಿಯುತ್ತೇವೆ



ಅಮೆರಿಕಾದಲ್ಲಿ ನೆಲೆಸಿದ ನಮ್ಮವರ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಅಭ್ಯಸಿಸುತ್ತಾರೆ. ರಜೆಗೆ ಊರಿಗೆ ಬಂದಾಗ ಪಡಸಾಲೆಯಲ್ಲಿ ಕುಳಿತು ಭೂತಕಾಲದ ರೂಪಗಳನ್ನು ಉರುಹೊಡೆಯುವುದೂ ಉಂಟು. ಹಿರಿಯರಿಗೆ ಅದು ಅಪರಿಚಿತವೆನಿಸಿದರೂ, ಕನ್ನಡ ಬಲ್ಲವರಿಗೆ ಅದರ ಮರ್ಮ ದೂರದ್ದಲ್ಲ.

ಸ್ಪ್ಯಾನಿಷ್ ಕ್ರಿಯಾಪದಗಳು ‘ಆರ್’, ‘ಏರ್’, ‘ಈರ್’ ಎಂಬ ಮೂರು ಬಗೆಯಲ್ಲಿ ಕೊನೆಗೊಳ್ಳುತ್ತವೆ. ಈ ಅಂತ್ಯವನ್ನು ಕಳಚಿ, ಉಳಿದ ಧಾತುವಿಗೆ ಪುರುಷ-ವಚನಗಳ ಪ್ರತ್ಯಯವನ್ನು ಸೇರಿಸಿದರೆ ಮುಗಿದ ಕ್ರಿಯೆಯ ರೂಪ ಸಿದ್ಧವಾಗುತ್ತದೆ. ‘ತ್ರಬಹಾರ್’ ಎಂದರೆ ದುಡಿಯುವುದು. ‘ತ್ರಬಹೇ’ ಎಂದರೆ ನಾನು ದುಡಿದೆನು. ‘ತ್ರಬಹಾಸ್ತೆ’, ನೀನು ದುಡಿದೆ. ‘ತ್ರಬಹಾಮೊಸ್’, ನಾವು ದುಡಿದೆವು. ‘ತ್ರಬಹಾರೊನ್’, ಅವರು ದುಡಿದರು. ‘ತ್ರಬಹೋ’ ಎಂಬುದು ದುಡಿದನು, ದುಡಿದಳು ಎರಡಕ್ಕೂ ಸಲ್ಲುತ್ತದೆ. ದುಡಿಮೆಯಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ. ಸ್ಪೇನ್ ದೇಶದಲ್ಲಿ ಆಪ್ತರಾದ ಹಲವರನ್ನು ಕುರಿತು ‘ತ್ರಬಹಾಸ್ತೈಸ್’ ಎಂಬ ರೂಪವೂ ಉಂಟು. ‘ಏರ್’, ‘ಈರ್’ ವರ್ಗಗಳಿಗೆ ಪ್ರತ್ಯಯಗಳು ಸಮಾನ: ‘ಕೊಮೀ’ ಎಂದರೆ ಉಂಡೆನು, ‘ಬಿಬೀ’ ಎಂದರೆ ಬಾಳಿದೆನು. ಕನ್ನಡದಂತೆಯೇ ಇಲ್ಲಿಯೂ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ‘ನಾನು’ ಎಂಬ ಪದ ಅನಿವಾರ್ಯವಲ್ಲ.

ಎಚ್ಚರ ಬೇಕಾದುದು ಒತ್ತಿನಲ್ಲಿ. ‘ತ್ರಬಾಹೊ’ ಎಂದು ನಡುವೆ ಒತ್ತಿ ನುಡಿದರೆ ‘ದುಡಿಯುತ್ತೇನೆ’. ‘ತ್ರಬಹೋ’ ಎಂದು ಕೊನೆಯಲ್ಲಿ ಒತ್ತಿದರೆ ‘ದುಡಿದನು’. ಬರೆಹದಲ್ಲಿ ಇವೆರಡಕ್ಕೂ ಕಡೆಯ ಸ್ವರದ ಮೇಲಿನ ಒಂದು ಕಿರುಗೆರೆಯಷ್ಟೇ ಅಂತರ. ಅದನ್ನು ಮರೆತರೆ ಪರರು ದುಡಿದದ್ದು ನಮ್ಮ ದುಡಿಮೆಯಾಗಿಬಿಡುತ್ತದೆ!

ಇನ್ನೊಂದು ವಿಶೇಷವಿದೆ. ‘ತ್ರಬಹಾಮೊಸ್’ ಎಂಬ ಒಂದೇ ರೂಪಕ್ಕೆ ‘ದುಡಿದೆವು’, ‘ದುಡಿಯುತ್ತೇವೆ’ ಎಂಬ ಎರಡೂ ಅರ್ಥಗಳಿವೆ. ‘ಈರ್’ ವರ್ಗದಲ್ಲಿಯೂ ಹೀಗೆಯೇ; ‘ಏರ್’ ವರ್ಗದಲ್ಲಿ ಮಾತ್ರ ‘ಕೊಮೇಮೊಸ್’ (ಉಣ್ಣುತ್ತೇವೆ), ‘ಕೊಮೀಮೊಸ್’ (ಉಂಡೆವು) ಎಂದು ಬೇರೆಯಾಗುತ್ತವೆ. ನಿನ್ನೆಯೋ ಇಂದೋ ಎಂಬುದನ್ನು ಸಂದರ್ಭವೇ ತಿಳಿಸಬೇಕು.

ಇದನ್ನು ಕಂಡಾಗ ನಮಗೆ ನಮ್ಮ ಸ್ಥಿತಿಯೇ ನೆನಪಾಯಿತು. 12ನೆಯ ಶತಮಾನದ ಶರಣರ ಕಾಯಕ-ದಾಸೋಹಗಳನ್ನು ನಾವು ಹೆಮ್ಮೆಯಿಂದ ಭೂತಕಾಲದಲ್ಲಿ ವರ್ಣಿಸುತ್ತೇವೆ. ‘ನಾವು’ ಎನ್ನುವಾಗ ವರ್ತಮಾನವೂ ಅದರಲ್ಲಿ ಸೇರಿದೆಯೇ?

ಕಲಿಯುತ್ತಿರುವ ಮಗುವನ್ನು ಸುಮ್ಮನಿರಿಸದಿರೋಣ. ಅದು ‘ತ್ರಬಹೇ’ ಎಂದಾಗ ಅಜ್ಜಿ ‘ದುಡಿದೆನು’ ಎನ್ನಲಿ. ಹೇಗೆ ದುಡಿದೆನೆಂಬುದನ್ನೂ ಹೇಳಲಿ. ಪರಭಾಷೆಯ ಪಾಠದೊಡನೆ ಕನ್ನಡವೂ, ಮನೆತನದ ಕಾಯಕದ ಕಥೆಯೂ ಮಗುವಿಗೆ ದಕ್ಕುತ್ತವೆ.