ತಂಗಾಳಿಯ ಮೋಸ

ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನ ಡೆಕ್ಕಿನ ಮೇಲೆ ಹಗಲು ನಿಂತರೆ ಬಿಸಿಲೇ ಗೊತ್ತಾಗುವುದಿಲ್ಲ. ಗಾಳಿಗೆ ಬೆವರು ಆರಿ ಮೈ ತಣ್ಣಗಿರುತ್ತದೆ. ಆದರೆ ಸಂಜೆಗೆ ಮಕ್ಕಳ ಭುಜ, ಮೂಗು ಉರಿಯತೊಡಗುತ್ತವೆ. ಏಕೆ?

ಚರ್ಮವನ್ನು ಸುಡುವುದು ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಗಾಳಿ ಶಾಖವನ್ನು ಒಯ್ಯುತ್ತದೆ, ಈ ಕಿರಣಗಳನ್ನಲ್ಲ. ಇವು ಆಕಾಶದಿಂದ ಚದುರಿಯೂ ಬರುತ್ತವೆ. ಸಮುದ್ರದ ನೊರೆ ಸುಮಾರು ಶೇಕಡಾ 25ರಷ್ಟನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಟೋಪಿಯೊಂದೇ ಸಾಲದು.

ತೆಳು ಬಿಳಿ ಹತ್ತಿಬಟ್ಟೆಯೊಳಗೂ ಕಿರಣಗಳು ನುಸುಳುತ್ತವೆ. ಒದ್ದೆಯಾದರೆ ಇನ್ನೂ ಹೆಚ್ಚು. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಲೇಸು.

ಪಾಲಕರೇ, ಪೆಟ್ಟಿಗೆ ಕಟ್ಟುವ ಮುನ್ನ ಅಂಗಿಯನ್ನು ದೀಪಕ್ಕೆ ಹಿಡಿದು ನೋಡಿ. ಬೆಳಕು ಧಾರಾಳವಾಗಿ ತೂರಿಬಂದರೆ ಅದು ಡೆಕ್ಕಿಗೆ ಬೇಡ.