ನಂಬಿಸುವವರು ಮತ್ತು ನಂಬಲರ್ಹರು

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆಯನ್ನು ಎತ್ತಿ ಹಿಡಿದರು. ಇಷ್ಟೇ ಇಷ್ಟು ಆಂಥ್ರಾಕ್ಸ್ ಪುಡಿ ಎಂತಹ ಅನಾಹುತ ಮಾಡಬಲ್ಲದೆಂದು ವಿವರಿಸಿದರು. ಪರದೆಯ ಮೇಲೆ ಉಪಗ್ರಹ ಚಿತ್ರಗಳು ಮೂಡಿದವು. ಇರಾಕಿ ಸೇನಾಧಿಕಾರಿಗಳದ್ದೆಂದು ಹೇಳಲಾದ ಸಂಭಾಷಣೆಯ ಧ್ವನಿಮುದ್ರಣ ಕೇಳಿಸಿತು. ಲಾರಿಗಳ ಮೇಲೆ ಊರೂರು ಸುತ್ತುವ ಜೈವಿಕ ಅಸ್ತ್ರಗಳ ಪ್ರಯೋಗಾಲಯದ ರೇಖಾಚಿತ್ರಗಳು ಬಂದವು. ಅವರ ಬೆನ್ನ ಹಿಂದೆಯೇ ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಕುಳಿತಿದ್ದರು. ತಾನು ಹೇಳುತ್ತಿರುವ ಪ್ರತಿಯೊಂದು ಮಾತಿಗೂ ಗಟ್ಟಿಯಾದ ಆಧಾರವಿದೆ ಎಂದು ಪೊವೆಲ್ ಜಗತ್ತಿಗೆ ಭರವಸೆ ನೀಡಿದರು. ಆರು ವಾರಗಳ ಬಳಿಕ, ಮಾರ್ಚ್ 20ರಂದು ಯುದ್ಧ ಆರಂಭವಾಯಿತು.

ಆ ಸೀಸೆಯಲ್ಲಿ ಆಂಥ್ರಾಕ್ಸ್ ಇರಲಿಲ್ಲ. ಅದು ಬರೀ ಪ್ರದರ್ಶನದ ವಸ್ತು. ಇರಾಕಿನಲ್ಲಿಯೂ ಅಂತಹ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂಬುದನ್ನು ಅಮೆರಿಕವೇ ನೇಮಿಸಿದ ಶೋಧನಾ ತಂಡ 2004ರಲ್ಲಿ ದೃಢಪಡಿಸಿತು. ಅಷ್ಟರಲ್ಲಿ ಒಂದು ದೇಶ ನುಚ್ಚುನೂರಾಗಿತ್ತು.

ಹಾಗಾದರೆ ಅಂದು ಕೋಟ್ಯಂತರ ಮಂದಿ ನಂಬಿದ್ದು ಯಾವುದನ್ನು? ಸಾಕ್ಷ್ಯವನ್ನಂತೂ ಅಲ್ಲ. ಆ ಉಪಗ್ರಹ ಚಿತ್ರಗಳನ್ನು ಓದಬಲ್ಲ ಪರಿಣತಿ ವೀಕ್ಷಕರಲ್ಲಿ ಎಷ್ಟು ಮಂದಿಗಿತ್ತು? ಜನರು ನಂಬಿದ್ದು ಪೊವೆಲ್‌ರನ್ನು. ಅವರು ನಿವೃತ್ತ ಜನರಲ್. 1991ರ ಕೊಲ್ಲಿ ಯುದ್ಧದ ವೇಳೆ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾಗಿದ್ದವರು. ಬುಶ್ ಸರಕಾರದ ಯುದ್ಧೋತ್ಸಾಹಿಗಳ ನಡುವೆ ಸಂಯಮಿ ಎಂದು ಹೆಸರು ಪಡೆದವರು. ಅದೇ ಕಡತವನ್ನು ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಓದಿದ್ದರೆ ಸಂಶಯಪಡುವವರು ಬಹಳಷ್ಟು ಮಂದಿ ಇರುತ್ತಿದ್ದರು. ಆದ್ದರಿಂದ ಅಂದು ಕೆಲಸ ಮಾಡಿದ್ದು ಸೀಸೆಯಲ್ಲ, ಸೀಸೆ ಹಿಡಿದ ಕೈ.

ಆ ಕೈಗೆ ಸುದ್ದಿ ತಲುಪಿಸಿದವನು ಯಾರು? ಸಂಚಾರಿ ಪ್ರಯೋಗಾಲಯಗಳ ಕಥೆಯ ಮುಖ್ಯ ಮೂಲ, ಜರ್ಮನಿಯಲ್ಲಿ ಆಶ್ರಯ ಕೋರಿದ್ದ ಓರ್ವ ಇರಾಕಿ. ಗುಪ್ತಚರರು ಅವನಿಗಿಟ್ಟ ಸಂಕೇತನಾಮ ‘ಕರ್ವ್‌ಬಾಲ್’. ಯುದ್ಧಕ್ಕೆ ಮುನ್ನ ಸಿಐಎ ಅವನನ್ನು ನೇರವಾಗಿ ವಿಚಾರಿಸಿರಲೇ ಇಲ್ಲ. ಜರ್ಮನ್ ಗುಪ್ತಚರರ ಮೂಲಕ ಬಂದುದನ್ನೇ ನೆಚ್ಚಿಕೊಂಡಿತ್ತು. ಸದ್ದಾಮ್ ಹುಸೇನರ ಆಡಳಿತವನ್ನು ಕೆಡವಲಿಕ್ಕಾಗಿ ತಾನು ಸುಳ್ಳು ಹೇಳಿದೆನೆಂದು 2011ರಲ್ಲಿ ಅವನೇ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಮುಂದೆ ಒಪ್ಪಿಕೊಂಡ. ಒಬ್ಬ ನಿರಾಶ್ರಿತನ ಕಟ್ಟುಕಥೆ ಕೈಯಿಂದ ಕೈಗೆ ದಾಟಿ ಭದ್ರತಾ ಮಂಡಳಿಯನ್ನು ತಲುಪುವಷ್ಟರಲ್ಲಿ ಮಹಾಶಕ್ತಿಯೊಂದರ ಅಧಿಕೃತ ಮಾಹಿತಿಯಾಗಿ ಮಾರ್ಪಟ್ಟಿತ್ತು. ಪ್ರತಿ ಮೆಟ್ಟಿಲಲ್ಲೂ ಹೇಳುವವನ ಸ್ಥಾನ ಎತ್ತರವಾಗುತ್ತಾ ಹೋಯಿತು. ಸಾಕ್ಷ್ಯ ಮಾತ್ರ ಇದ್ದಲ್ಲೇ ಇತ್ತು.

ಸ್ಥಾನಮಾನದಂತೆ ಕಣ್ಣೀರು ಕೂಡ ನಂಬಿಸುತ್ತದೆ. 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸದರ ಮಾನವ ಹಕ್ಕುಗಳ ವೇದಿಕೆಯ ಮುಂದೆ ನಯೀರಾ ಎಂಬ 15ರ ಹರೆಯದ ಕುವೈತಿ ಬಾಲಕಿ ಅಳುತ್ತಾ ಮಾತಾಡಿದಳು. ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಶಿಶುಗಳನ್ನು ಹೊರತೆಗೆದು ಸಾಯಲು ಬಿಟ್ಟುದನ್ನು ಕಂಡೆನೆಂದಳು. ಅಧ್ಯಕ್ಷ ಹಿರಿಯ ಬುಶ್ ಆ ಕಥೆಯನ್ನು ಮತ್ತೆ ಮತ್ತೆ ಉಚ್ಚರಿಸಿದರು. ಆಮ್ನೆಸ್ಟಿಯಂತಹ ಸಂಸ್ಥೆಯೂ ಮೊದಲಿಗೆ ಅದನ್ನು ನಂಬಿ, ಬಳಿಕ ಹಿಂದೆಗೆದುಕೊಂಡಿತು. 1991ರ ಜನವರಿಯಲ್ಲಿ ಸೆನೆಟ್ 52-47 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ನೀಡಿತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂಬುದೂ ಅದರ ಹಿಂದೆ ಹಿಲ್ ಆಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ಕೈವಾಡವಿತ್ತು ಎಂಬುದೂ ಬಹಿರಂಗವಾದುದು 1992ರಲ್ಲಿ. ಇರಾಕಿ ಸೇನೆ ಕುವೈತಿನಲ್ಲಿ ಎಸಗಿದ ಅನ್ಯಾಯಗಳು ಸುಳ್ಳಲ್ಲ. ಆದರೆ ಒಂದು ನಿಜವಾದ ಅನ್ಯಾಯಕ್ಕೆ ಸುಳ್ಳು ಸಾಕ್ಷಿಯನ್ನು ಕಟ್ಟಿದರೆ ಮುಂದೆ ನಿಜವಾದ ಸಂತ್ರಸ್ತರ ಮಾತಿಗೂ ಬೆಲೆ ಉಳಿಯುವುದಿಲ್ಲ.

ಇನ್ನೊಂದು ಮಗ್ಗುಲನ್ನು ನೋಡಿ. 2003ರಲ್ಲಿ ಸತ್ಯ ಹೇಳುವವರು ಇರಲಿಲ್ಲವೆಂದಲ್ಲ. ಇರಾಕ್ ನೈಜರ್‌ನಿಂದ ಯುರೇನಿಯಂ ಖರೀದಿಸಲು ಯತ್ನಿಸಿತೆಂಬುದಕ್ಕೆ ಆಧಾರವಾಗಿದ್ದ ದಾಖಲೆಗಳು ಅಸಲಿಯಲ್ಲವೆಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಅಲ್ ಬರಾದಿ ಮಾರ್ಚ್ 7ರಂದು ಅದೇ ಭದ್ರತಾ ಮಂಡಳಿಗೆ ತಿಳಿಸಿದ್ದರು. ತಪಾಸಣೆ ಮುಗಿಸಲು ಇನ್ನೂ ಕೆಲವು ತಿಂಗಳು ಬೇಕೆಂದು ಹ್ಯಾನ್ಸ್ ಬ್ಲಿಕ್ಸ್ ಹೇಳಿದ್ದರು. ನೈಟ್ ರಿಡರ್ ಪತ್ರಿಕಾ ಬಳಗದ ವರದಿಗಾರರು ಸಚಿವರ ಬದಲು ಕೆಳಹಂತದ ಅಧಿಕಾರಿಗಳನ್ನು ಮಾತಾಡಿಸಿ, ಸರಕಾರದ ವಾದ ಟೊಳ್ಳೆಂದು ಬರೆದಿದ್ದರು. ಅವರನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕದ ಅತ್ಯಂತ ಗೌರವಾನ್ವಿತ ದಿನಪತ್ರಿಕೆಯಾದ ನ್ಯೂಯಾರ್ಕ್ ಟೈಮ್ಸ್ ತನ್ನ ವರದಿಗಳಲ್ಲಿ ಸಾಕಷ್ಟು ಬಿಗಿಯಿರಲಿಲ್ಲವೆಂದು ಒಪ್ಪಿಕೊಂಡದ್ದು 2004ರ ಮೇ 26ರಂದು. ಯುದ್ಧ ಶುರುವಾಗಿ ವರ್ಷ ಕಳೆದ ಮೇಲೆ.

ಇಲ್ಲೇ ನಮ್ಮೆಲ್ಲರ ದೌರ್ಬಲ್ಯ ಅಡಗಿರುವುದು. ‘ಇನ್ನೂ ಪರಿಶೀಲಿಸಬೇಕು’ ಎನ್ನುವವನು ನಮಗೆ ದುರ್ಬಲನಂತೆ ಕಾಣುತ್ತಾನೆ. ‘ಸಂಶಯವೇ ಇಲ್ಲ’ ಎನ್ನುವವನು ಬಲ್ಲವನಂತೆ ತೋರುತ್ತಾನೆ. ವಾಸ್ತವದಲ್ಲಿ ತನ್ನ ಅರಿವಿನ ಗಡಿಯನ್ನು ಹೇಳಿಕೊಳ್ಳುವುದು ಪ್ರಾಮಾಣಿಕತೆಯ ಲಕ್ಷಣ.

ನಂಬಿಕೆಯ ಈ ವ್ಯವಹಾರವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಕಾರ್ಲ್ ಹೋವ್‌ಲ್ಯಾಂಡ್ ಮತ್ತು ವಾಲ್ಟರ್ ವೈಸ್ 1951ರಲ್ಲೇ ಪರೀಕ್ಷಿಸಿದ್ದರು. ಅಣುಶಕ್ತಿಯ ಜಲಾಂತರ್ಗಾಮಿಯ ಕುರಿತಾದ ಒಂದೇ ಬರಹವನ್ನು ಕೆಲವರಿಗೆ ವಿಜ್ಞಾನಿ ಓಪನ್‌ಹೈಮರ್ ಹೆಸರಿನಲ್ಲಿ, ಇನ್ನು ಕೆಲವರಿಗೆ ಸೋವಿಯತ್ ಪತ್ರಿಕೆ ‘ಪ್ರಾವ್ಡಾ’ದ ಹೆಸರಿನಲ್ಲಿ ಕೊಟ್ಟರು. ಹೀಗೆ ಬೇರೆ ಬೇರೆ ವಿಷಯಗಳ ಬರಹಗಳನ್ನು ಓದಿಸಿ ನೋಡಿದಾಗ, ವಿಶ್ವಾಸಾರ್ಹವೆನಿಸಿದ ಹೆಸರಿದ್ದಲ್ಲಿ ಹೆಚ್ಚು ಮಂದಿ ಅಭಿಪ್ರಾಯ ಬದಲಿಸಿದರು. ಆದರೆ ನಾಲ್ಕು ವಾರಗಳ ಬಳಿಕ ವಿಚಾರಿಸಿದಾಗ ಆ ವ್ಯತ್ಯಾಸ ಅಳಿಸಿಹೋಗಿತ್ತು. ಹೇಳಿದವನು ಯಾರೆಂಬುದು ಬದಿಗೆ ಸರಿದು, ಹೇಳಿದ ಮಾತು ತಲೆಯಲ್ಲಿ ಉಳಿದಿತ್ತು. ಸುಳ್ಳುಗಾರರಿಗೆ ಇದಕ್ಕಿಂತ ದೊಡ್ಡ ವರದಾನ ಬೇಕೇ?

ವಾಷಿಂಗ್ಟನ್ನಿನತ್ತ ಬೆರಳು ತೋರಿಸಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಲ್ಲವೇ? ವದಂತಿ ಸವಾರಿ ಮಾಡಲು ಭದ್ರತಾ ಮಂಡಳಿಯೇ ಬೇಕಾಗಿಲ್ಲ, ಪರಿಚಿತನ ಮೊಬೈಲ್ ಸಾಕು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ತಂಡ ಮಾಡಿದ್ದು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟು ಹಂಚಿದ್ದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ಸಂದೇಶ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತ್ತು. ಅದನ್ನು ನಂಬಿದವರಿಗೆ ಸಂದೇಶದ ಮೂಲ ಗೊತ್ತಿರಲಿಲ್ಲ, ಕಳುಹಿಸಿದವನು ಮಾತ್ರ ಗೊತ್ತಿದ್ದ. ಅಷ್ಟಕ್ಕೇ ಒಂದು ಜೀವ ಹೋಯಿತು.

ಈ ವಿಷಯದಲ್ಲಿ ಮುಸ್ಲಿಮ್ ಸಮುದಾಯಕ್ಕೆ ಯಾವ ನೆಪವೂ ಇಲ್ಲ. ಸುದ್ದಿಯ ಮೂಲವನ್ನು ಜಾಲಾಡುವುದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ ಪರಂಪರೆ ನಮ್ಮದು. ಪ್ರವಾದಿವರ್ಯರ(ಸ) ಮಾತೆಂದು ಯಾರಾದರೂ ಏನನ್ನಾದರೂ ಹೇಳಿದರೆ ಹದೀಸ್ ವಿದ್ವಾಂಸರು ತಲೆದೂಗಿ ಸುಮ್ಮನಾಗಲಿಲ್ಲ. ಯಾರಿಂದ ಕೇಳಿದೆ? ಅವನು ಯಾರಿಂದ ಕೇಳಿದ? ಅವರಿಬ್ಬರೂ ಸಮಕಾಲೀನರೇ? ಪರಸ್ಪರ ಭೇಟಿಯಾದುದು ನಿಜವೇ? ಹೀಗೆ ಕೊಂಡಿ ಕೊಂಡಿಯನ್ನೂ ಪರೀಕ್ಷಿಸಿದರು. ವರದಿಗಾರನಲ್ಲಿ ಎರಡು ಗುಣಗಳನ್ನು ಬೇರೆ ಬೇರೆಯಾಗಿ ತೂಗಿದರು: ಅವನ ಸತ್ಯಸಂಧತೆ ಮತ್ತು ಅವನ ನೆನಪಿನ ಖಚಿತತೆ. ರಾತ್ರಿಯಿಡೀ ನಮಾಝ್ ಮಾಡುವ ಸಜ್ಜನನಾಗಿದ್ದರೂ ನೆನಪು ದುರ್ಬಲವಾಗಿದ್ದರೆ ಅವನ ವರದಿಯನ್ನು ದುರ್ಬಲವೆಂದೇ ಪರಿಗಣಿಸಿದರು. ಭಕ್ತಿ ಬೇರೆ, ವಿಶ್ವಾಸಾರ್ಹತೆ ಬೇರೆ ಎಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು.

ನಮಗೆ ಗೊತ್ತಿದೆಯೇ? ವೇದಿಕೆಯಲ್ಲಿ ಏರುದನಿ, ಉದ್ದನೆಯ ಜುಬ್ಬಾ, ಹೆಸರಿನ ಹಿಂದೊಂದು ಬಿರುದು ಇದ್ದರೆ ನಾವು ಆಧಾರ ಕೇಳುವುದಿಲ್ಲ. ಕೇಳಿದವನನ್ನೇ ಅಧಿಕಪ್ರಸಂಗಿ ಎನ್ನುತ್ತೇವೆ. ಟಿವಿ ವಾಹಿನಿಗಳು ನಮ್ಮ ಬಗ್ಗೆ ಸುಳ್ಳು ಬಿತ್ತುತ್ತವೆಂದು ದೂರುವ ನಾವೇ, ನಮಗೆ ಹಿತವೆನಿಸುವ ಸುಳ್ಳನ್ನು ಮರುಯೋಚಿಸದೆ ದಾಟಿಸುತ್ತೇವೆ. ಸುಳ್ಳು ನಮ್ಮ ಪರವಾಗಿದ್ದರೆ ಸತ್ಯವಾಗಿಬಿಡುತ್ತದೆಯೇ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಕನ್ನಡದ ಗಾದೆ. ಹಾಗಾಗಿ ಒಂದು ಸುದ್ದಿ ಬಂದಾಗ ಕೇಳಬೇಕಾದುದು ಇಷ್ಟೇ. ಹೇಳುವವನಿಗೆ ಇದು ಹೇಗೆ ಗೊತ್ತಾಯಿತು? ಇದನ್ನು ಜನರು ನಂಬಿದರೆ ಅವನಿಗೇನು ಲಾಭ? ಹಿಂದೆ ತಪ್ಪು ಮಾಡಿದಾಗ ಒಪ್ಪಿಕೊಂಡಿದ್ದಾನೆಯೇ? ನಾನು ಬೇರೊಂದು ದಾರಿಯಿಂದ ಇದನ್ನು ಪರಿಶೀಲಿಸಬಲ್ಲೆನೇ? ಈ ಪ್ರಶ್ನೆಗಳಿಗೆ ಸಿಟ್ಟಾಗುವವನು ಯಾರೇ ಆಗಿರಲಿ, ಸಚಿವನಾಗಲಿ, ಸಂಪಾದಕನಾಗಲಿ, ಧರ್ಮಗುರುವಾಗಲಿ, ಅವನ ಮಾತನ್ನು ತಡೆದು ನಿಲ್ಲಿಸುವುದೇ ಕ್ಷೇಮ.

ಆ ಭಾಷಣ ತನ್ನ ಬದುಕಿನ ಕಳಂಕವೆಂದು ಪೊವೆಲ್ 2005ರಲ್ಲಿ ಒಪ್ಪಿಕೊಂಡರು. 2021ರಲ್ಲಿ ಅವರು ನಿಧನರಾದಾಗ ಪತ್ರಿಕೆಗಳು ಆ ಸೀಸೆಯನ್ನು ಮತ್ತೆ ನೆನಪಿಸಿದವು. ಪಶ್ಚಾತ್ತಾಪ ಒಳ್ಳೆಯದೇ. ಆದರೆ ಅದರಿಂದ ಇರಾಕಿನ ಯಾವ ಗೋರಿಯೂ ತೆರೆಯಲಿಲ್ಲ. ನಾವು ಇಂದು ರಾತ್ರಿ ಬೆರಳ ತುದಿಯಿಂದ ದಾಟಿಸಲಿರುವ ಸಂದೇಶಕ್ಕೂ ನಾಳೆ ಕ್ಷಮೆ ಕೇಳಿದರೆ ಸಾಕಾಗಲಾರದು.