ಡಾಕ್ಟರ ಹೆಸರಲ್ಲಿ ಒಂದು ಸುಳ್ಳು

ಸಿಗರೇಟು ಬಿಟ್ಟೆ ಅಂದರೆ ಜನ ಶಹಬ್ಬಾಸ್ ಅನ್ನುತ್ತಾರೆ. ಸಕ್ಕರೆ ಬಿಟ್ಟೆ ಅಂದರೆ ಅಯ್ಯೋ ಪಾಪ ಅನ್ನುತ್ತಾರೆ. ಹಾಲು ಬಿಟ್ಟೆ ಅಂದರೆ? "ನಿಂಗೇನಾಯ್ತು ಮಾರಾಯ?" ಅಂತ ಕೇಳುತ್ತಾರೆ!

ನಾನು ಹಾಲು, ಮೊಸರು, ತುಪ್ಪ ಬಿಟ್ಟು ಎರಡು ವರ್ಷವಾಯಿತು. ದೊಡ್ಡ ತತ್ವವೇನಲ್ಲ. ಕುಂದಾಪುರದ ಹತ್ತಿರ ನಮ್ಮ ಹಟ್ಟಿಯಲ್ಲಿ ಗಂಡುಕರು ಹುಟ್ಟಿದರೆ ಎಲ್ಲರ ಮುಖ ಸಪ್ಪೆ. ಉಳುಮೆಗೆ ಟಿಲ್ಲರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವೆಲ್ಲ ಎಲ್ಲಿ ಹೋಗುತ್ತವೆ ಅಂತ ಯೋಚಿಸಿದ ಮೇಲೆ ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೆ. ಇಂಥವರಿಗೆ 1944ರಲ್ಲೇ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು 'ವೀಗನ್' ಅಂತ ಹೆಸರಿಟ್ಟಿದ್ದಾರೆ.

ಆದರೆ ಮುಂಬಯಿಯ ಆಫೀಸಿನಲ್ಲಿ ಹನ್ನೊಂದು ಗಂಟೆಯ ಕಟಿಂಗ್ ಚಹಾ ಬೇಡ ಅನ್ನುವುದು ಹೇಗೆ? "ಡಾಕ್ಟರು ಬೇಡ ಅಂದಿದ್ದಾರೆ" ಅಂದುಬಿಟ್ಟೆ. ಒಬ್ಬರೂ ಮರುಪ್ರಶ್ನೆ ಹಾಕಲಿಲ್ಲ. ನಮ್ಮಲ್ಲಿ ಮನಸ್ಸಾಕ್ಷಿಗಿಂತ ಡಾಕ್ಟರ ಚೀಟಿಗೆ ಬೆಲೆ ಜಾಸ್ತಿ ನೋಡಿ!

ಎಂಟು ತಿಂಗಳು ಕಳೆದಿರಬೇಕು. ಒಂದು ಬುಧವಾರ, ಇಪ್ಪತ್ತು ವರ್ಷದಿಂದ ಪರಿಚಯವಿರುವ ಮರಾಠಿ ಸಹೋದ್ಯೋಗಿಯೊಬ್ಬರು ಕಾಗದದ ಪೊಟ್ಟಣ ಕೈಗಿಟ್ಟರು. ಒಳಗೆ ದಾಸವಾಳ, ಒಂದು ಚೂರು ತೆಂಗಿನಕಾಯಿ. ನನ್ನ ಆರೋಗ್ಯ ಸುಧಾರಿಸಲೆಂದು ಮಂಗಳವಾರದ ಉಪವಾಸ ಹಿಡಿದು ಸಿದ್ಧಿವಿನಾಯಕನಿಗೆ ಹೋಗಿ ಬಂದಿದ್ದರಂತೆ. "ಲಾಡು ತರಲಿಲ್ಲ ಸಾಹೇಬ್, ಅದರಲ್ಲಿ ತುಪ್ಪ ಇರುತ್ತದಲ್ಲ" ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊಟದ ಹೊತ್ತಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದರೆ ನಾನು ಮನೆಯಲ್ಲಿ ಕಾಸುವ ತುಪ್ಪ ಪಾಪವೇ?"

ನೋಡಿ, ಜನರಿಗೆ ಕೇಳಿಸುವುದು ಇದೇ. ನಾವು "ನನಗೆ ಬೇಡ" ಅಂದರೆ ಅವರಿಗೆ "ನೀವು ತಪ್ಪು" ಅಂತ ಕೇಳಿಸುತ್ತದೆ. "ನನ್ನ ತಟ್ಟೆಯ ಲೆಕ್ಕ ಮಾತ್ರ ನನ್ನದು, ನಿಮ್ಮ ಲೆಡ್ಜರ್ ನಾನು ಮುಟ್ಟುವುದಿಲ್ಲ" ಅಂದೆ. ಆದರೂ ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಸಿಟ್ಟು ಹಾಲಿನ ವಿಷಯಕ್ಕಲ್ಲ, ಸುಳ್ಳಿನ ವಿಷಯಕ್ಕೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಮೊದಲ ದಿನವೇ ಹೇಳಿಬಿಡಿ, ಒಂದೇ ವಾಕ್ಯದಲ್ಲಿ. ಕೇಳಿದರೆ ಕಾರಣ ಹೇಳಿ, ಕೇಳದಿದ್ದರೆ ಉಪದೇಶ ಬೇಡ. ಯಾರಿಗೂ ನಿಮಗಾಗಿ ಬೇರೆ ಅಡುಗೆಯ ಕಷ್ಟ ಕೊಡಬೇಡಿ. ವಡಾ ಪಾವ್, ಎಣ್ಣೆಯಲ್ಲಿ ಮಾಡಿದ ಅವಲಕ್ಕಿ, ಶುಂಠಿ ಹಾಕಿದ ಕರಿ ಚಹಾ ಧಾರಾಳ ಸಾಕು. ಬಿ-12 ಮಾತ್ರೆ ಮಾತ್ರ ಮರೆಯಬೇಡಿ, ಅದನ್ನು ಡಾಕ್ಟರೇ ಹೇಳಿದ್ದು, ನಿಜವಾಗಿಯೂ!

ಇಷ್ಟೆಲ್ಲ ಬರೆದೆ. ಊರಲ್ಲಿ ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಮೊನ್ನೆ ಫೋನಿನಲ್ಲಿ "ತುಪ್ಪ ಮುಗೀತಾ ಮಗಾ?" ಅಂತ ಕೇಳಿದರು. "ಇದೆ ಅಮ್ಮ" ಅಂದೆ. ಸುಳ್ಳಲ್ಲ, ಡಬ್ಬಿ ತುಂಬ ಇದೆ. ದೀಪಾವಳಿಗೆ ಹೋದಾಗ ಹೇಳಲೇಬೇಕು. ನೀವಾಗಿದ್ದರೆ ಹೇಗೆ ಹೇಳುತ್ತಿದ್ದಿರಿ?